ವಾರ್ಡಿನ ಸದಸ್ಯ ಸ್ಥಾನ ತೆರವಾದರೆ ಮುಂದೇನು? ಉಪಚುನಾವಣೆಯವರೆಗಿನ ದಾರಿ, ಹಂತ ಹಂತವಾಗಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ನಮ್ಮ ವಾರ್ಡಿನ ಸದಸ್ಯರು ತೀರಿಕೊಂಡು ಎಂಟು ತಿಂಗಳಾಯಿತು, ಅವರ ಹೆಂಡತಿಯನ್ನು ಆ ಜಾಗಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ?" "ಕಳೆದ ಸಲ ನಾನು ಒಂಬತ್ತು ಮತಗಳಿಂದ ಸೋತಿದ್ದೆ, ಗೆದ್ದವರು ರಾಜೀನಾಮೆ ಕೊಟ್ಟಿದ್ದಾರೆ, ಈಗ ಸ್ಥಾನ ನನಗೆ ಬರಬೇಕಲ್ಲವೇ?" "ಊರ ಹಿರಿಯರು ಕೂಡಿ ಒಬ್ಬರ ಹೆಸರು ಬರೆದು ಕೊಟ್ಟರೆ ಸಾಕೇ?"

ಮೂರಕ್ಕೂ ಉತ್ತರ ಒಂದೇ: ಇಲ್ಲ. ಪಂಚಾಯಿತಿಯ ಎಲ್ಲ ಸ್ಥಾನಗಳನ್ನೂ ನೇರ ಚುನಾವಣೆಯಿಂದಲೇ ತುಂಬಬೇಕು ಎಂದು ಸಂವಿಧಾನದ 243ಸಿ ವಿಧಿ ಹೇಳುತ್ತದೆ. ಸ್ಥಾನ ಮನೆತನದ ಆಸ್ತಿಯಲ್ಲ, ಎರಡನೆಯವರಿಗೆ ಮೀಸಲಿಟ್ಟ ಪಾಲೂ ಅಲ್ಲ. ಅದು ವಾರ್ಡಿನ ಮತದಾರರದು. ತೆರವಾದಾಗ ಅದನ್ನು ತುಂಬುವವರೂ ಅವರೇ, ಉಪಚುನಾವಣೆಯ ಮೂಲಕ. ಆ ಉಪಚುನಾವಣೆಯ ದಾರಿಯಲ್ಲಿ ಜನ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಕಂಡಿದ್ದೇನೆ. ಅದಕ್ಕಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಹೆಚ್ಚಿನ ಮಾತು ಗ್ರಾಮ ಪಂಚಾಯಿತಿಯದು. ಪಟ್ಟಣ, ನಗರದವರಿಗೆ ಬೇರೆಯಾಗುವ ಅಂಶಗಳು ಹಂತ 7ರ ನಂತರದ ಭಾಗದಲ್ಲಿವೆ.

ಹಂತ 1: ಖಾಲಿ ಇರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ

"ಸ್ಥಾನ ಖಾಲಿ ಇದೆ" ಎಂಬ ಒಂದೇ ಮಾತಿನಲ್ಲಿ ಜನ ಮೂರು ಬೇರೆ ಸಂಗತಿಗಳನ್ನು ಹೇಳುತ್ತಾರೆ.

ಮೊದಲನೆಯದು, ಅವಧಿಯ ನಡುವೆ ಒಬ್ಬ ಸದಸ್ಯರ ಸ್ಥಾನ ಖಾಲಿಯಾಗುವುದು. ಇದನ್ನು ಆಕಸ್ಮಿಕ ತೆರವು ಎನ್ನುತ್ತಾರೆ. ಉಪಚುನಾವಣೆ ನಡೆಯುವುದು ಇದಕ್ಕೆ ಮಾತ್ರ.

ಎರಡನೆಯದು, ಇಡೀ ಸಂಸ್ಥೆಯ ಐದು ವರ್ಷದ ಅವಧಿಯೇ ಮುಗಿದಿರುವುದು. ಆಗ ಯಾವ ಸದಸ್ಯರೂ ಇರುವುದಿಲ್ಲ, ಆಡಳಿತಾಧಿಕಾರಿ ಕುಳಿತಿರುತ್ತಾರೆ. ಬೇಕಾದದ್ದು ಸಾರ್ವತ್ರಿಕ ಚುನಾವಣೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆ ಇದೇ. 2016ರ ಫೆಬ್ರುವರಿಯಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. "ನಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯರ ಸ್ಥಾನಕ್ಕೆ ಉಪಚುನಾವಣೆ ಯಾವಾಗ?" ಎಂದು ಅರ್ಜಿ ಬರೆದು ಅಲೆದವರನ್ನು ಬಲ್ಲೆ. ಆ ಅರ್ಜಿಗೆ ಉತ್ತರವೇ ಇರಲಿಲ್ಲ, ಏಕೆಂದರೆ ಆ ಸ್ಥಾನವೇ ಆಗ ಅಸ್ತಿತ್ವದಲ್ಲಿರಲಿಲ್ಲ.

ಮೂರನೆಯದು, ಅಧ್ಯಕ್ಷ ಅಥವಾ ಉಪಾಧ್ಯಕ್ಷರ ಹುದ್ದೆ ಖಾಲಿಯಾಗುವುದು. ಅಧ್ಯಕ್ಷರು ಆ ಹುದ್ದೆಗೆ ರಾಜೀನಾಮೆ ಕೊಟ್ಟರೂ ಸದಸ್ಯರಾಗಿ ಉಳಿಯುತ್ತಾರೆ. ಹೊಸ ಅಧ್ಯಕ್ಷರನ್ನು ಸದಸ್ಯರೇ ತಮ್ಮೊಳಗಿಂದ ಆರಿಸುತ್ತಾರೆ. ಇದು ಉಪವಿಭಾಗಾಧಿಕಾರಿಗಳ ಕಡೆಯಿಂದ ನಡೆಯುವ ಕೆಲಸ. ನಮ್ಮ ಭಾಗದಲ್ಲಿ ಚಿಕ್ಕೋಡಿ, ಬೈಲಹೊಂಗಲ, ಜಮಖಂಡಿ, ಇಂಡಿ ಮೊದಲಾದ ಕಡೆ ಈ ಕಚೇರಿಗಳಿವೆ. ಸಾಮಾನ್ಯ ಮತದಾರರಿಗೆ ಇಲ್ಲಿ ಮತವಿಲ್ಲ.

ಆದ್ದರಿಂದ ಮೊದಲು ಒಂದು ದಿನಾಂಕ ಕೇಳಿ ತಿಳಿದುಕೊಳ್ಳಿ: ನಿಮ್ಮ ಪಂಚಾಯಿತಿಯ ಮೊದಲ ಸಭೆ ನಡೆದದ್ದು ಯಾವ ದಿನ? ಐದು ವರ್ಷದ ಲೆಕ್ಕ ಶುರುವಾಗುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಅವಧಿ ಮುಗಿಯಲು ಕೆಲವೇ ತಿಂಗಳು ಉಳಿದಿದ್ದರೆ ಸಾಮಾನ್ಯವಾಗಿ ಉಪಚುನಾವಣೆ ನಡೆಸುವುದಿಲ್ಲ. ಆಗ ಓಡಾಟ ಬಿಟ್ಟು ಸಾರ್ವತ್ರಿಕ ಚುನಾವಣೆಗೆ ಸಿದ್ಧರಾಗುವುದೇ ಜಾಣತನ.

ಹಂತ 2: ಸ್ಥಾನ ನಿಜವಾಗಿ ತೆರವಾಗಿದೆಯೇ?

ಸದಸ್ಯರು ಮೃತಪಟ್ಟಿದ್ದರೆ ಗೊಂದಲವಿಲ್ಲ, ಮರಣ ಪ್ರಮಾಣಪತ್ರದ ಪ್ರತಿ ಪಂಚಾಯಿತಿಯ ಕಡತ ಸೇರಿದರೆ ಸಾಕು. ದುಃಖದಲ್ಲಿರುವ ಮನೆಯವರಿಗೆ ಇದು ನೆನಪಾಗುವುದಿಲ್ಲ. ನೆರೆಯವರು ನೆನಪಿಸಿ, ಜೊತೆಗೆ ಹೋಗಿ ಬನ್ನಿ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಮುಂದಿನ ಎಲ್ಲ ಕಾಗದಗಳೂ ಸಲೀಸಾಗುತ್ತವೆ.

ತೊಡಕಿರುವುದು ರಾಜೀನಾಮೆ ಮತ್ತು ಅನರ್ಹತೆಯಲ್ಲಿ. ಸಿಟ್ಟಿನಲ್ಲಿ ಸಭೆಯಿಂದ ಎದ್ದು "ನಾನು ರಾಜೀನಾಮೆ ಕೊಟ್ಟೆ" ಎಂದು ಕೂಗಿದ್ದು ರಾಜೀನಾಮೆಯಲ್ಲ. ಶಾಸಕರ ಕೈಗೆ ಕೊಟ್ಟ ಕಾಗದವೂ ರಾಜೀನಾಮೆಯಲ್ಲ. ಸದಸ್ಯರು ಸ್ವಹಸ್ತದ ಸಹಿಯೊಂದಿಗೆ, ಲಿಖಿತವಾಗಿ, ಕಾಯ್ದೆ ಹೇಳಿದವರಿಗೆ ಸಲ್ಲಿಸಬೇಕು. ಕೊಟ್ಟ ಕ್ಷಣವೇ ಅದು ಜಾರಿಗೆ ಬರುವುದಿಲ್ಲ, ಮನಸ್ಸು ಬದಲಿಸಿ ಹಿಂಪಡೆಯಲು ಕೆಲವು ದಿನಗಳ ಅವಕಾಶವಿದೆ.

ಅನರ್ಹತೆ ಎಂದರೆ ಸದಸ್ಯರಾಗಿ ಮುಂದುವರಿಯುವ ಅರ್ಹತೆಯನ್ನೇ ಕಳೆದುಕೊಳ್ಳುವುದು. ಸುಳ್ಳು ಜಾತಿ ಪ್ರಮಾಣಪತ್ರ, ಪಂಚಾಯಿತಿಯ ಕೆಲಸದಲ್ಲೇ ಗುತ್ತಿಗೆ ಹಿಡಿಯುವುದು, ಅನುಮತಿ ಇಲ್ಲದೆ ಸತತವಾಗಿ ಸಭೆಗೆ ಗೈರಾಗುವುದು, ಇವೆಲ್ಲ ಅದಕ್ಕೆ ದಾರಿಯಾಗುತ್ತವೆ. ಆದರೆ ಅಧಿಕಾರಿ ಅನರ್ಹತೆಯ ಆದೇಶ ಹೊರಡಿಸಿದ ಮಾತ್ರಕ್ಕೆ ಸ್ಥಾನ ತೆರವಾಯಿತು ಎಂದುಕೊಳ್ಳಬೇಡಿ. ಹೈಕೋರ್ಟ್ ಆ ಆದೇಶಕ್ಕೆ ತಡೆಯಾಜ್ಞೆ ಕೊಟ್ಟರೆ ಸದಸ್ಯರು ಮತ್ತೆ ಬಂದು ಕೂರುತ್ತಾರೆ. ಇಷ್ಟನ್ನು ವಿಚಾರಿಸದೆ ಕರಪತ್ರ ಅಚ್ಚು ಹಾಕಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ.

ಹಂತ 3: ತೆರವಿನ ವರದಿ ಮೇಲಕ್ಕೆ ಹೋಗಿದೆಯೇ ನೋಡಿ

ನನ್ನ ಅನುಭವದಲ್ಲಿ ಹೆಚ್ಚಿನ ವಿಳಂಬ ಹುಟ್ಟುವುದು ಇಲ್ಲಿಯೇ. ಉಪಚುನಾವಣೆಯ ದಿನ ಗೊತ್ತುಮಾಡುವುದು ರಾಜ್ಯ ಚುನಾವಣಾ ಆಯೋಗ. ಆದರೆ ಬೆಂಗಳೂರಿನಲ್ಲಿರುವ ಆಯೋಗಕ್ಕೆ ಹುನಗುಂದದ ಅಥವಾ ಸಿಂದಗಿಯ ಒಂದು ಹಳ್ಳಿಯ ಸ್ಥಾನ ಖಾಲಿಯಾದದ್ದು ತಾನಾಗಿ ತಿಳಿಯುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ವರದಿ ಬರೆಯಬೇಕು. ಅದು ತಾಲ್ಲೂಕು ಮಟ್ಟದ ಕಚೇರಿಗಳನ್ನು ದಾಟಿ ಜಿಲ್ಲಾಧಿಕಾರಿಗಳನ್ನು ಮುಟ್ಟಬೇಕು. ಈ ಚುನಾವಣೆಗಳಿಗೆ ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿ. ಅಲ್ಲಿಂದ ಆಯೋಗಕ್ಕೆ. ಆಯೋಗವು ರಾಜ್ಯದ ಇಂಥ ಸ್ಥಾನಗಳನ್ನೆಲ್ಲ ಒಟ್ಟು ಮಾಡಿ ಒಮ್ಮೆಗೆ ವೇಳಾಪಟ್ಟಿ ಹೊರಡಿಸುವುದು ರೂಢಿ. ನಿಮ್ಮ ವರದಿ ಮೇಜಿನ ಖಾನೆಯಲ್ಲೇ ಉಳಿದರೆ ಆ ಪಟ್ಟಿಯಲ್ಲಿ ನಿಮ್ಮ ವಾರ್ಡು ಇರುವುದಿಲ್ಲ, ಮುಂದಿನ ಸುತ್ತಿನವರೆಗೆ ಕಾಯಬೇಕಾಗುತ್ತದೆ.

ಆದ್ದರಿಂದ ವಾರ್ಡಿನ ಮತದಾರರು ಪಿಡಿಒ ಅವರಿಗೆ ಒಂದು ಅರ್ಜಿ ಕೊಡಿ. ಹೀಗೆ ಬರೆದರೆ ಸಾಕು:

"ನಮ್ಮ ಗ್ರಾಮ ಪಂಚಾಯಿತಿಯ ... ವಾರ್ಡಿನ ಸದಸ್ಯರಾಗಿದ್ದ ... ಇವರು ದಿನಾಂಕ ... ರಂದು ನಿಧನರಾಗಿದ್ದಾರೆ. ಸ್ಥಾನ ತೆರವಾದ ಬಗ್ಗೆ ಮೇಲಧಿಕಾರಿಗಳಿಗೆ ವರದಿ ಕಳುಹಿಸಲಾಗಿದೆಯೇ, ಕಳುಹಿಸಿದ್ದರೆ ಪತ್ರದ ಸಂಖ್ಯೆ ಮತ್ತು ದಿನಾಂಕವೇನು ಎಂದು ತಿಳಿಸಬೇಕಾಗಿ, ಕಳುಹಿಸದಿದ್ದರೆ ಕೂಡಲೇ ಕಳುಹಿಸಬೇಕಾಗಿ ಕೋರುತ್ತೇವೆ."

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿಯ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ. ಬಾಯಿಮಾತಿನಲ್ಲಿ "ಕಳಿಸಿದ್ದೇವೆ" ಎಂದರೆ ಒಪ್ಪಬೇಡಿ, ಪತ್ರದ ಸಂಖ್ಯೆ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಕಚೇರಿಗೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಇದೇ ಅರ್ಜಿಯಲ್ಲಿ ಚರಂಡಿಯ ಬಿಲ್ಲು, ಬೀದಿದೀಪದ ಲೆಕ್ಕವನ್ನೂ ಸೇರಿಸಿದರೆ ತಿರಸ್ಕರಿಸಲು ನೀವೇ ಕಾರಣ ಒದಗಿಸಿದಂತೆ.

ಈ ನಡುವೆ ಒಂದು ಸಮಾಧಾನ: ಒಂದು ಸ್ಥಾನ ಖಾಲಿ ಇದೆ ಎಂಬ ಕಾರಣಕ್ಕೆ ಪಂಚಾಯಿತಿಯ ನಿರ್ಣಯಗಳು ಅಸಿಂಧುವಾಗುವುದಿಲ್ಲ. "ಸದಸ್ಯರಿಲ್ಲ, ಹಾಗಾಗಿ ನಿಮ್ಮ ವಾರ್ಡು ಸಭೆ ಇಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆ ಮಂಜೂರಾತಿಯ ಪಟ್ಟಿ, ಉದ್ಯೋಗ ಖಾತರಿಯ ಕಾಮಗಾರಿಗಳು ಚರ್ಚೆಗೆ ಬರುವುದು ಅಲ್ಲಿಯೇ. ಸದಸ್ಯರಿಲ್ಲದ ಓಣಿಯ ಹೆಸರುಗಳು ಪಟ್ಟಿಯಿಂದ ಮೊದಲು ಜಾರುತ್ತವೆ. ನೀವೇ ಹೋಗಿ ಕುಳಿತುಕೊಳ್ಳಿ.

ಹಂತ 4: ಮೀಸಲಾತಿ ಮತ್ತು ಮತದಾರರ ಪಟ್ಟಿ

ತೆರವಾದ ಸ್ಥಾನ ಯಾವ ವರ್ಗಕ್ಕೆ ಮೀಸಲಾಗಿತ್ತೋ ಉಪಚುನಾವಣೆಯೂ ಅದೇ ವರ್ಗಕ್ಕೆ ನಡೆಯುತ್ತದೆ. ಪರಿಶಿಷ್ಟ ಜಾತಿಯ ಮಹಿಳೆಗೆ ಇದ್ದ ಸ್ಥಾನ ನಡುವೆ ಸಾಮಾನ್ಯವಾಗುವುದಿಲ್ಲ. ಇನ್ನೊಂದು ಮಾತು: "ಸಾಮಾನ್ಯ" ಎಂದರೆ ಮುಂದುವರಿದ ಜಾತಿಗಳಿಗೆ ಮೀಸಲು ಎಂದಲ್ಲ. ಯಾರು ಬೇಕಾದರೂ ನಿಲ್ಲಬಹುದು, ಮಹಿಳೆಯರೂ ನಿಲ್ಲಬಹುದು.

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ವಾರ್ಡಿನಲ್ಲಿದೆ ಎಂದು ಈಗಲೇ ನೋಡಿ. ಪಂಚಾಯಿತಿಯ ಪಟ್ಟಿ ಸಿದ್ಧವಾಗುವುದು ವಿಧಾನಸಭೆಯ ಪಟ್ಟಿಯನ್ನು ವಾರ್ಡುವಾರು ಹಂಚಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ವೇಳಾಪಟ್ಟಿ ಬಂದ ಮೇಲೆ ಅರ್ಜಿ ಹಿಡಿದು ಓಡಿದರೆ ಕಾಲ ಮೀರಿರುತ್ತದೆ. ನಿಪ್ಪಾಣಿ, ಅಥಣಿ, ಚಡಚಣ ಕಡೆಯ ಗಡಿ ಊರುಗಳವರಿಗೆ ವಿಶೇಷವಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಪಟ್ಟಿಯಲ್ಲೂ ಇಲ್ಲಿಯ ಪಟ್ಟಿಯಲ್ಲೂ ಹೆಸರು ಇಟ್ಟುಕೊಳ್ಳುವುದು ಕಾನೂನುಬಾಹಿರ. ನೀವು ಅಭ್ಯರ್ಥಿಯಾದ ದಿನ ಎದುರಾಳಿ ಮೊದಲು ಹುಡುಕುವುದು ಅದನ್ನೇ.

ಹಂತ 5: ನಾಮಪತ್ರ

ದಿನಗಳು ಎಷ್ಟು ಬೇಗ ಸರಿಯುತ್ತವೆ ಎಂಬುದಕ್ಕೆ 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಮೊದಲ ಹಂತವನ್ನು ನೋಡಿ. ಡಿಸೆಂಬರ್ 7ಕ್ಕೆ ಅಧಿಸೂಚನೆ, 11 ನಾಮಪತ್ರಕ್ಕೆ ಕೊನೆಯ ದಿನ, 12ಕ್ಕೆ ಪರಿಶೀಲನೆ, 14 ಹಿಂಪಡೆಯಲು ಕೊನೆಯ ದಿನ, 22ಕ್ಕೆ ಮತದಾನ. ಕಾಗದಪತ್ರ ಜೋಡಿಸಲು ಸಿಕ್ಕದ್ದು ಐದೇ ದಿನ. ಆದ್ದರಿಂದ ಅಧಿಸೂಚನೆಗೆ ಮುಂಚೆಯೇ ಇವು ನಿಮ್ಮ ಚೀಲದಲ್ಲಿರಲಿ:

ಅ) 21 ವರ್ಷ ತುಂಬಿರುವುದಕ್ಕೆ ದಾಖಲೆ, ಮತ್ತು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟದ ಪ್ರತಿ.

ಆ) ಸೂಚಕರ ಹೆಸರಿರುವ ಪುಟ. ಸೂಚಕರೆಂದರೆ ನಿಮ್ಮ ಹೆಸರನ್ನು ಮುಂದಿಟ್ಟು ಸಹಿ ಹಾಕುವ ಮತದಾರರು. ಅವರು ಉಪಚುನಾವಣೆ ನಡೆಯುವ ವಾರ್ಡಿನ ಮತದಾರರೇ ಆಗಿರಲಿ. ಪಕ್ಕದ ಓಣಿಯ ಗೆಳೆಯರನ್ನು ಕರೆತಂದು ಸಹಿ ಹಾಕಿಸುತ್ತಾರೆ, ಆ ಓಣಿ ಬೇರೆ ವಾರ್ಡಿಗೆ ಸೇರಿರುತ್ತದೆ, ನಾಮಪತ್ರ ಬೀಳುತ್ತದೆ.

ಇ) ಠೇವಣಿ. 2020ರಲ್ಲಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 100 ರೂಪಾಯಿ ಇತ್ತು.

ಈ) ಮನೆ ಕರ, ನೀರಿನ ಕರ ಕಟ್ಟಿದ ರಸೀದಿ. ನೋಟಿಸು ಬಂದರೂ ಕಟ್ಟದ ಬಾಕಿ ಅನರ್ಹತೆಗೆ ಕಾರಣವಾಗುತ್ತದೆ. ಮನೆಯಲ್ಲಿ ಶೌಚಾಲಯ ಇರಬೇಕೆಂಬ ನಿಯಮವನ್ನೂ ಮರೆಯಬೇಡಿ.

ಉ) ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು.

ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ನಾಮಪತ್ರ ಪರಿಶೀಲನೆಯ ದಿನ ಒಬ್ಬ ತಾಯಿ ನಾಲ್ಕು ಮಡಿಕೆ ಮಾಡಿದ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಮೇಜಿನ ಮೇಲಿಟ್ಟರು. ಅದರಲ್ಲಿ "ಪ್ರವರ್ಗ 2ಎ" ಎಂದಿತ್ತು. ಸ್ಥಾನ ಮೀಸಲಾಗಿದ್ದುದು "ಹಿಂದುಳಿದ ಅ ವರ್ಗ"ಕ್ಕೆ. ಎರಡೂ ಒಂದೇ ಎಂದು ಅವರು ನಂಬಿದ್ದರು. ಶಿಕ್ಷಣ ಮತ್ತು ಉದ್ಯೋಗಕ್ಕಿರುವ 1, 2ಎ, 2ಬಿ, 3ಎ, 3ಬಿ ಪಟ್ಟಿ ಬೇರೆ, ಸ್ಥಳೀಯ ಸಂಸ್ಥೆಗಳ ಚುನಾವಣೆಗಿರುವ ಅ ವರ್ಗ, ಬ ವರ್ಗದ ಪಟ್ಟಿ ಬೇರೆ. ಆ ಕಾಗದವನ್ನು ಅವರು ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿಕೊಂಡು ಎದ್ದುಹೋದದ್ದು ನನಗೆ ಮರೆಯಲಾಗಿಲ್ಲ. ನಾಡ ಕಚೇರಿಯಲ್ಲಿ ಅರ್ಜಿ ಹಾಕುವಾಗ "ಸ್ಥಳೀಯ ಸಂಸ್ಥೆ ಚುನಾವಣೆಗೆ" ಎಂದು ಸ್ಪಷ್ಟವಾಗಿ ಹೇಳಿ, ಕೈಗೆ ಬಂದ ಕಾಗದದಲ್ಲಿ "ಅ" ಅಥವಾ "ಬ" ಎಂದಿದೆಯೇ ಎಂದು ಅಲ್ಲಿಯೇ ನಿಂತು ಓದಿಕೊಳ್ಳಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೆರಡು ಎಚ್ಚರಿಕೆಗಳು. ಜಾತಿಯನ್ನು ಲೆಕ್ಕ ಹಿಡಿಯುವುದು ತಂದೆಯ ಕಡೆಯಿಂದ, ಗಂಡನ ಕಡೆಯಿಂದಲ್ಲ. ಹಾಗೆಯೇ ಬೇರೆ ರಾಜ್ಯದಲ್ಲಿ ಪಡೆದ ಜಾತಿ ಪ್ರಮಾಣಪತ್ರವನ್ನು ನೆಚ್ಚಿಕೊಂಡು ಇಲ್ಲಿಯ ಮೀಸಲು ಸ್ಥಾನಕ್ಕೆ ನಿಲ್ಲಲು ಬರುವುದಿಲ್ಲ. ಸಾಂಗಲಿ, ಸೊಲ್ಲಾಪುರ, ಕೊಲ್ಹಾಪುರ ಕಡೆಯಿಂದ ಸೊಸೆಯಾಗಿ ಬಂದವರು ನಮ್ಮ ಮೂರೂ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ನಾಮಪತ್ರಕ್ಕೆ ಮುಂಚೆಯೇ ತಹಶೀಲ್ದಾರರನ್ನು ಕಂಡು ತಮ್ಮ ಸ್ಥಿತಿ ತಿಳಿದುಕೊಳ್ಳಲಿ. "ಸಾಮಾನ್ಯ ಮಹಿಳೆ" ಸ್ಥಾನಕ್ಕೆ ನಿಲ್ಲುವವರಿಗೆ ಈ ತೊಡಕಿಲ್ಲ.

ನಾಮಪತ್ರವನ್ನು ಕೊನೆಯ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಎರಡು ದಿನ ಮುಂಚೆ ಕೊಟ್ಟರೆ ಕಾಣುವ ತಪ್ಪನ್ನು ತಿದ್ದಲು ಸಮಯ ಸಿಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಆಯೋಗದ ಪಟ್ಟಿಯಲ್ಲಿರುವ ಮುಕ್ತ ಚಿಹ್ನೆಗಳಲ್ಲಿ ಒಂದು ನಿಮಗೆ ಬರುತ್ತದೆ.

ಹಂತ 6: ಪರಿಶೀಲನೆ, ಹಿಂಪಡೆಯುವಿಕೆ, ಅವಿರೋಧ ಆಯ್ಕೆ

ಪರಿಶೀಲನೆಯ ದಿನ ನೀವೇ ಹಾಜರಿರಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಚುನಾವಣೆಯ ನಡುವೆ ನ್ಯಾಯಾಲಯಕ್ಕೆ ಹೋಗಿ ಅದನ್ನು ನಿಲ್ಲಿಸುವ ಆಸೆ ಬೇಡ. ಸಂವಿಧಾನದ 243ಒ ವಿಧಿ ಆ ಬಾಗಿಲು ಮುಚ್ಚಿ, ಚುನಾವಣಾ ತಕರಾರು ಅರ್ಜಿ ಎಂಬ ಒಂದೇ ದಾರಿ ಬಿಟ್ಟಿದೆ.

ಕಣದಲ್ಲಿ ಒಬ್ಬರೇ ಉಳಿದರೆ ಅವರು ಅವಿರೋಧವಾಗಿ ಆಯ್ಕೆಯಾಗುತ್ತಾರೆ. ಎಲ್ಲರೂ ಮನಸಾರೆ ಒಪ್ಪಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ದೈವದವರು, ಅಂದರೆ ಊರ ಹಿರಿಯರು, ಗುಡಿಯ ಮುಂದೆ ಸೇರಿ, ಜೀರ್ಣೋದ್ಧಾರಕ್ಕೆ ಹೆಚ್ಚು ಹಣ ಕೊಡುವವರಿಗೆ ಸ್ಥಾನ ಎಂದು ಕೂಗುವುದು ಹರಾಜು. ಅದು ಅಪರಾಧ. 2020ರಲ್ಲಿ ರಾಜ್ಯದ ಕೆಲವು ಊರುಗಳಿಂದ ಇಂಥ ಸುದ್ದಿಗಳು ಬಂದಾಗ ಆಯೋಗ ಕ್ರಮಕ್ಕೆ ಸೂಚಿಸಿತ್ತು. ಉಪಚುನಾವಣೆಯಲ್ಲಿ ಸ್ಥಾನ ಒಂದೇ ಇರುವುದರಿಂದ ಒತ್ತಡ ಹೆಚ್ಚು. "ಉಳಿದದ್ದು ಎರಡೇ ವರ್ಷ, ಯಾಕೆ ಜಗಳ, ಹಿಂತೆಗೆದುಕೋ ತಂಗಿ" ಎಂದು ಮನೆಗೇ ಬಂದು ಕೂರುತ್ತಾರೆ. ಹಿಂಪಡೆಯುವ ಪತ್ರಕ್ಕೆ ಒಮ್ಮೆ ಸಹಿ ಮಾಡಿ ಕೊಟ್ಟರೆ ಅದನ್ನು ರದ್ದು ಮಾಡಲು ಬರುವುದಿಲ್ಲ. ಗುಡಿಗೆ ಹಣ ಬೇಕಾದರೆ ದೇಣಿಗೆ ಎತ್ತಲಿ, ನಿಮ್ಮ ಓಣಿಯ ಮತವನ್ನು ಮಾರಲು ಯಾರಿಗೂ ಅಧಿಕಾರವಿಲ್ಲ.

ಹಂತ 7: ಮತದಾನ

ಗ್ರಾಮ ಪಂಚಾಯಿತಿಯಲ್ಲಿ ಒಂದೇ ವಾರ್ಡಿಗೆ ಎರಡು, ಮೂರು ಸ್ಥಾನಗಳಿರುವುದು ಸಾಮಾನ್ಯ. 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕದಲ್ಲಿ ಅವು ನಿಗದಿಯಾಗುತ್ತವೆ. ಸಾರ್ವತ್ರಿಕ ಚುನಾವಣೆಯಲ್ಲಿ ಮೂರು ಸ್ಥಾನವಿದ್ದರೆ ಮೂರು ಅಭ್ಯರ್ಥಿಗಳಿಗೆ ಒಂದೊಂದು ಮತ ಹಾಕಿದ್ದೀರಿ. ಉಪಚುನಾವಣೆಯಲ್ಲಿ ತೆರವಾದ ಸ್ಥಾನ ಒಂದಾದರೆ ಮತವೂ ಒಂದೇ. ಹಳೆಯ ರೂಢಿಯಲ್ಲಿ ಮೂರು ಕಡೆ ಮುದ್ರೆ ಒತ್ತಿದರೆ ಮತಪತ್ರ ಅಸಿಂಧು. ಮನೆಯ ಹಿರಿಯರಿಗೆ ಇದನ್ನು ಮತದಾನದ ಹಿಂದಿನ ರಾತ್ರಿ ಇನ್ನೊಮ್ಮೆ ಹೇಳಿ.

ಮತಪತ್ರವಿದ್ದರೆ ಮಡಚುವ ಕ್ರಮವೂ ಮುಖ್ಯ. ಮುದ್ರೆಯ ಶಾಯಿ ಹಸಿಯಾಗಿರುತ್ತದೆ. ಅಡ್ಡಕ್ಕೆ ಮಡಚಿದರೆ ಅದು ಕೆಳಗಿನ ಅಭ್ಯರ್ಥಿಯ ಚಿಹ್ನೆಯ ಮೇಲೆ ಅಂಟಿ ಎರಡು ಗುರುತಿನಂತೆ ಕಾಣಬಹುದು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ. ಆಗ ಶಾಯಿ ಹತ್ತಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲಿ ಹತ್ತುತ್ತದೆ.

ಕಬ್ಬು ಕಟಾವಿನ ಹಂಗಾಮಿನಲ್ಲಿ ಅಥವಾ ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದ ಹೊತ್ತಿನಲ್ಲಿ ಉಪಚುನಾವಣೆ ಬಂದರೆ ಅರ್ಧ ಓಣಿ ಊರಲ್ಲಿರುವುದಿಲ್ಲ. ದಿನಾಂಕ ತಿಳಿದ ಕೂಡಲೇ ಅವರಿಗೆ ಫೋನ್ ಮಾಡಿ. ಅವರನ್ನು ಕರೆತರಲು ಅಭ್ಯರ್ಥಿಯ ಖರ್ಚಿನಲ್ಲಿ ವಾಹನ ಹೂಡುವುದು ಮಾತ್ರ ಕೂಡದು, ಅದು ಭ್ರಷ್ಟ ಆಚರಣೆ.

ಪಟ್ಟಣ ಮತ್ತು ನಗರದ ಓದುಗರಿಗೆ

ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ, ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ ಅನ್ವಯಿಸುತ್ತದೆ. ಬೆಳಗಾವಿ ಪಾಲಿಕೆಯ 58 ವಾರ್ಡುಗಳಲ್ಲಾಗಲಿ, ವಿಜಯಪುರದ 35 ವಾರ್ಡುಗಳಲ್ಲಾಗಲಿ ಒಂದು ವಾರ್ಡಿಗೆ ಒಬ್ಬರೇ ಸದಸ್ಯರು. ಹಾಗಾಗಿ ಸ್ಥಾನ ತೆರವಾದರೆ ವಾರ್ಡಿಗೆ ಯಾರೂ ಇರುವುದಿಲ್ಲ. ಇಲ್ಲಿ ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧಿಸಬಹುದು. ಅಭ್ಯರ್ಥಿಯ ಹೆಸರನ್ನು ಪಕ್ಷ ಅಧಿಕೃತವಾಗಿ ತಿಳಿಸುವ ಪತ್ರ, ಅಂದರೆ ಬಿ ಫಾರಂ, ಸಮಯಕ್ಕೆ ಸರಿಯಾಗಿ ಚುನಾವಣಾಧಿಕಾರಿಯನ್ನು ತಲುಪಬೇಕು.

"ಸರ್ಕಾರ ನಾಮನಿರ್ದೇಶನ ಮಾಡಿದವರು ನಮ್ಮ ವಾರ್ಡಿನ ಸದಸ್ಯರಾದರಂತೆ" ಎಂಬ ಮಾತು ನಗರಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ತಪ್ಪು ತಿಳಿವಳಿಕೆ. ಪುರಾಡಳಿತದಲ್ಲಿ ವಿಶೇಷ ಜ್ಞಾನ, ಅನುಭವ ಉಳ್ಳವರೆಂದು ಸರ್ಕಾರ ಕೆಲವರನ್ನು ನೇಮಿಸಬಹುದು. ಅವರು ಯಾವ ವಾರ್ಡಿನ ಪ್ರತಿನಿಧಿಯೂ ಅಲ್ಲ, ಸಭೆಯಲ್ಲಿ ಅವರಿಗೆ ಮತವೂ ಇಲ್ಲ.

ಹಂತ 8: ಫಲಿತಾಂಶದ ನಂತರ

ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ, ಹೊಸದಾಗಿ ಐದು ವರ್ಷವಲ್ಲ. ತೆರವಾದ ಸ್ಥಾನದಲ್ಲಿದ್ದವರು ಅಧ್ಯಕ್ಷರಾಗಿದ್ದರೂ ಹೊಸಬರು ತಾನಾಗಿ ಅಧ್ಯಕ್ಷರಾಗುವುದಿಲ್ಲ. ಆಯ್ಕೆಯ ಪ್ರಮಾಣಪತ್ರವನ್ನು ಎಣಿಕೆ ಕೇಂದ್ರದಲ್ಲೇ ಪಡೆದುಕೊಳ್ಳಿ. ಕಾಲಕಾಲಕ್ಕೆ ಕೊಡಬೇಕಾದ ಆಸ್ತಿ ವಿವರದ ಬಗ್ಗೆ ಮೊದಲ ವಾರದಲ್ಲೇ ಪಿಡಿಒ ಅವರಿಂದ ತಿಳಿದುಕೊಳ್ಳಿ. ಅದನ್ನು ಅಲಕ್ಷಿಸಿದರೆ ಕಷ್ಟಪಟ್ಟು ಗೆದ್ದ ಸ್ಥಾನ ಮತ್ತೆ ತೆರವಾಗುವ ಅಪಾಯವಿದೆ.

ಸೋತವರಿಗೆ ಅಥವಾ ಮತದಾರರಿಗೆ ತಕರಾರಿದ್ದರೆ ಫಲಿತಾಂಶ ಘೋಷಣೆಯಾದ 30 ದಿನದೊಳಗೆ ನಿಗದಿತ ಸಿವಿಲ್ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. ಜಿಲ್ಲಾಧಿಕಾರಿಗಳಿಗೆ ಕೊಟ್ಟ ಮನವಿಯ ಉತ್ತರಕ್ಕೆ ಕಾಯುತ್ತ ಈ ದಿನಗಳನ್ನು ಕಳೆಯಬೇಡಿ. ತಿರಸ್ಕಾರದ ಕಾರಣ ಬರೆದ ಕಾಗದ, ಸ್ವೀಕೃತಿಯ ಮುದ್ರೆ ಇರುವ ಅರ್ಜಿಗಳು, ಮತದಾರರ ಪಟ್ಟಿಯ ಪ್ರತಿ, ಇಷ್ಟನ್ನು ಹಿಡಿದು ಮೊದಲ ವಾರದಲ್ಲೇ ವಕೀಲರನ್ನು ಕಾಣಿ.